ಹಲ್ಲು ಕೀಳಿಸಿದ ಮೇಲೆ ದವಡೆ ಮೂಳೆ ಉಳಿಸಿಕೊಳ್ಳುವುದು ಹೇಗೆ

ಹಲ್ಲು ಕೀಳಿಸಿದ ಗಾಯ ಬೇಗ ಮಾಯುತ್ತದೆ. ಒಂದೆರಡು ತಿಂಗಳಲ್ಲಿ ಒಸಡು ಕೂಡಿಕೊಂಡು, ಕನ್ನಡಿಯಲ್ಲಿ ನೋಡಿದರೆ ಎಲ್ಲ ಸರಿಹೋದಂತೆ ಕಾಣುತ್ತದೆ. ಒಳಗಿನ ಮೂಳೆಯ ಕಥೆ ಬೇರೆ. ಬೇರನ್ನು ಸುತ್ತುವರಿದ ಮೂಳೆ ಇರುವುದೇ ಹಲ್ಲಿಗಾಗಿ. ಹಲ್ಲು ಹೋದರೆ ಅದಕ್ಕೆ ಅಲ್ಲಿ ಕೆಲಸವಿಲ್ಲ, ಕರಗತೊಡಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಲೆಕ್ಕದ ಪ್ರಕಾರ, ಏನೂ ಮಾಡದೆ ಬಿಟ್ಟರೆ ಆರು ತಿಂಗಳಲ್ಲಿ ಆ ಜಾಗದ ಮೂಳೆಯ ಅಗಲ ಶೇ. 29ರಿಂದ 63ರಷ್ಟು, ಎತ್ತರ ಶೇ. 11ರಿಂದ 22ರಷ್ಟು ಕಡಿಮೆಯಾಗುತ್ತದೆ. ಮೊದಲ ವರ್ಷದ ನಷ್ಟದಲ್ಲಿ ಮೂರನೇ ಎರಡು ಪಾಲು ಮೊದಲ ಮೂರು ತಿಂಗಳಲ್ಲೇ ಆಗಿ ಹೋಗಿರುತ್ತದೆ.

ಹಾಗಾಗಿ "ಸದ್ಯ ನೋವು ಹೋಗಲಿ, ಹೊಸ ಹಲ್ಲಿನ ವಿಚಾರ ಆಮೇಲೆ ನೋಡೋಣ" ಎಂದುಕೊಳ್ಳುವುದೇ ಎಲ್ಲಕ್ಕಿಂತ ದುಬಾರಿ ತಪ್ಪು. ಮೂಳೆ ಉಳಿಸುವ ಮಾತು ಹಲ್ಲು ಕೀಳುವ ಮುಂಚೆಯೇ ಆಗಬೇಕು. ಕಿತ್ತ ಆರು ತಿಂಗಳಿಗೆ ಇಂಪ್ಲಾಂಟ್ (ಬೇರಿನ ಬದಲು ಮೂಳೆಗೆ ಕೂರಿಸುವ ತಿರುಪು) ಹಾಕಿಸಲು ಹೋದವರಿಗೆ "ಮೂಳೆ ಸಾಲದು, ಮೊದಲು ಮೂಳೆ ಕಟ್ಟಬೇಕು" ಎಂಬ ಉತ್ತರ ಸಿಕ್ಕರೆ, ಖರ್ಚು, ಸಮಯ, ಶಸ್ತ್ರಚಿಕಿತ್ಸೆ ಮೂರೂ ಹೆಚ್ಚುತ್ತವೆ.

ಕರಗುವುದು ಎಲ್ಲ ಕಡೆ ಒಂದೇ ಸಮ ಅಲ್ಲ. ತುಟಿ, ಕೆನ್ನೆಯ ಕಡೆಗಿರುವ ಹೊರಗೋಡೆ ಮೊದಲು ಬಲಿಯಾಗುತ್ತದೆ. ಮೇಲಿನ ಮುಂಭಾಗದ ಹಲ್ಲುಗಳಲ್ಲಿ ಹೆಚ್ಚಿನವರಿಗೆ ಈ ಗೋಡೆ 1 ಮಿ.ಮೀ.ಗಿಂತ ತೆಳು. ಅದಕ್ಕೆ ರಕ್ತ ಸಿಗುವುದರಲ್ಲಿ ದೊಡ್ಡ ಪಾಲು ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಇರುವ ತಂತುಗಳಿಂದ. ಹಲ್ಲಿನ ಜೊತೆ ಆ ತಂತುಗಳೂ ಹೋದಾಗ ತೆಳು ಗೋಡೆಗೆ ಪೋಷಣೆ ನಿಂತು, ಒಳಕ್ಕೆ ಕುಸಿಯುತ್ತದೆ. ಮುಂದಿನ ಹಲ್ಲು ಹೋದವರ ಒಸಡಿನಲ್ಲಿ ಹಳ್ಳ ಬಿದ್ದಂತೆ ಕಾಣುವುದು ಇದರಿಂದಲೇ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ತೆಗೆದುಹಾಕಬೇಕು: ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಈ ಕರಗುವಿಕೆ ನಿಲ್ಲುವುದಿಲ್ಲ. ಕಾರಣ ಇರುವುದು ಆ ಜಾಗದಲ್ಲಿ, ದೇಹದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಅಲ್ಲ.

ಕೀಳಿಸುವ ಮುಂಚೆ

ಮೊದಲ ಪ್ರಶ್ನೆ: ಈ ಹಲ್ಲನ್ನು ಉಳಿಸಲು ಸಾಧ್ಯವೇ ಇಲ್ಲವೇ? ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರೆ ಇನ್ನಷ್ಟು ವರ್ಷ ಬಾಳುವ ಹಲ್ಲು ನಿಮ್ಮ ಮೂಳೆಯನ್ನು, ಗುಂಡಿಗೆ ಮೂಳೆಪುಡಿ ತುಂಬುವ ಯಾವ ಗ್ರಾಫ್ಟ್‌ಗಿಂತಲೂ ಚೆನ್ನಾಗಿ ಕಾಯುತ್ತದೆ. ಕೀಳುವುದೇ ದಾರಿ ಎಂದಾದರೆ ಎರಡನೆಯದು: ಆ ಜಾಗಕ್ಕೆ ಮುಂದೆ ಏನು ಬರುತ್ತದೆ? ಇಂಪ್ಲಾಂಟ್, ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರುವ ಹಲ್ಲು), ತೆಗೆದು ಹಾಕುವ ಕಟ್ಟುಹಲ್ಲು, ಅಥವಾ ಏನೂ ಬೇಡ. ಉತ್ತರದ ಮೇಲೆ ಮುಂದಿನದೆಲ್ಲ ನಿಂತಿದೆ.

ಬುದ್ಧಿ ಹಲ್ಲು ತೆಗೆಸುವವರಿಗೆ ಸಾಮಾನ್ಯವಾಗಿ ಮೂಳೆ ತುಂಬಿಸುವ ಅಗತ್ಯ ಇರುವುದಿಲ್ಲ. ಹಲ್ಲಿಗೆ ಕ್ಲಿಪ್ ಹಾಕಿ ಜಾಗ ಮುಚ್ಚುವುದಕ್ಕೆಂದು ಕೀಳಿಸಿದರೂ ಬೇಡ. ಪಕ್ಕದ ಹಲ್ಲೇ ಅಲ್ಲಿಗೆ ಸರಿಯುತ್ತದೆ. ಮುಂದಿನ ಹಲ್ಲು, ಇಂಪ್ಲಾಂಟ್ ಹಾಕಿಸಲೇಬೇಕೆಂದಿರುವ ಜಾಗ, ಹೊರಗೋಡೆ ಆಗಲೇ ತೆಳುವಾದ ಅಥವಾ ಒಡೆದ ಜಾಗ, ಸೈನಸ್‌ಗೆ (ಮೇಲ್ದವಡೆಯೊಳಗಿನ ಗಾಳಿಯ ಟೊಳ್ಳಿಗೆ) ತೀರಾ ಹತ್ತಿರದ ಮೇಲ್ದವಡೆ ಹಲ್ಲು, ಇವುಗಳಿಗೆ ಮೂಳೆ ತುಂಬಿಸುವ ಬಗ್ಗೆ ಕೇಳಲೇಬೇಕು. ಮೇಲಿನ ದವಡೆ ಹಲ್ಲು ಹೋದ ಮೇಲೆ ಕೆಳಗಿನಿಂದ ಮೂಳೆ ಕರಗುವುದಲ್ಲದೆ ಮೇಲಿನಿಂದ ಸೈನಸ್ ಕೂಡ ಕೆಳಗಿಳಿಯುತ್ತದೆ. ಹೀಗೆ ಎರಡು ಕಡೆಯಿಂದ ಎತ್ತರ ಕಳೆದುಕೊಂಡ ಜಾಗದಲ್ಲಿ ಇಂಪ್ಲಾಂಟ್ ಹಿಡಿಸುವುದು ಕಷ್ಟ.

ಇನ್ನು ಮುಚ್ಚಿಡದೆ ಹೇಳಬೇಕಾದವು. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಅಥವಾ ಆರು ತಿಂಗಳಿಗೊಮ್ಮೆ ಡೆನೊಸುಮಾಬ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲೇ ತಿಳಿಸಿ. ಈ ಔಷಧಿಗಳಲ್ಲಿ ಅಪರೂಪಕ್ಕೆ, ಕ್ಯಾನ್ಸರ್‌ಗೆಂದು ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಸ್ವಲ್ಪ ಹೆಚ್ಚಾಗಿ, ಕಿತ್ತ ಜಾಗದ ದವಡೆ ಮೂಳೆ ಮಾಯದೆ ಸತ್ತುಹೋಗುತ್ತದೆ. ಮನೆಯ ಹಿರಿಯ ಹೆಣ್ಣುಮಕ್ಕಳು "ಅದು ಸೊಂಟದ ಮಾತ್ರೆ, ಹಲ್ಲಿಗೇನು ಸಂಬಂಧ" ಎಂದು ಹೇಳದೇ ಉಳಿಯುವುದು ಸಾಮಾನ್ಯ. ಜೊತೆಗೆ ಹೋದವರು ನೆನಪಿಸಬೇಕು. ಬಾಯಿ, ಗಂಟಲ ಕ್ಯಾನ್ಸರ್‌ಗೆ ರೇಡಿಯೇಷನ್ ಆಗಿದ್ದರೆ ಎಷ್ಟೇ ಹಳೆಯದಾದರೂ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ. ಹಲ್ಲಿನ ಗುಂಡಿಯ ರಕ್ತವನ್ನು ಒತ್ತಿ, ಹೊಲಿದು ನಿಲ್ಲಿಸಬಹುದು. ಮಾತ್ರೆ ಬಿಟ್ಟು ಬರುವ ಪಾರ್ಶ್ವವಾಯು ಅಥವಾ ಹೃದಯಾಘಾತವನ್ನು ಹಾಗೆ ನಿಲ್ಲಿಸಲಾಗದು. ವಾರ್ಫರಿನ್ ಅಥವಾ ಅಸಿಟ್ರಾಮ್ ತೆಗೆದುಕೊಳ್ಳುವವರು ಇತ್ತೀಚಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ) ವರದಿ ಒಯ್ಯಬೇಕು. ಸಕ್ಕರೆ ಕಾಯಿಲೆ ಇದ್ದವರು ಬೆಳಗಿನ ಹೊತ್ತಿಗೆ ಸಮಯ ತೆಗೆದುಕೊಂಡು, ತಿಂಡಿ ತಿಂದು, ಎಂದಿನ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡೇ ಹೋಗಬೇಕು. ಬರಿಯ ಮರಗಟ್ಟಿಸುವ ಇಂಜೆಕ್ಷನ್‌ಗೆ ಉಪವಾಸ ಬೇಕಿಲ್ಲ.

ಮೂಳೆ ಉಳಿಸುವ ಚಿಕಿತ್ಸೆ ಎಂದರೆ ಏನು

ಅದು ಕೀಳುವ ಕೈಯಿಂದಲೇ ಶುರು. ಬೇರಿನ ಸುತ್ತ ತೆಳು ಅಲಗಿನ ಪೆರಿಯೊಟೋಮ್ ಇಳಿಸಿ ತಂತುಗಳನ್ನು ಬಿಡಿಸುವುದು, ಎರಡು ಮೂರು ಬೇರಿನ ದವಡೆ ಹಲ್ಲನ್ನು ಸೀಳಿ ಒಂದೊಂದು ಬೇರನ್ನೂ ಬೇರೆಯಾಗಿ ತೆಗೆಯುವುದು, ಇಕ್ಕಳದಿಂದ ಕೆನ್ನೆಯ ಕಡೆಗೆ ಜೋರಾಗಿ ವಾಲಿಸದಿರುವುದು. ಸಮಯ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಹೊರಗೋಡೆ ಉಳಿಯುತ್ತದೆ. ಆ ಗೋಡೆ ಮುರಿದು ಹಲ್ಲಿನ ಜೊತೆಗೇ ಬಂದರೆ ಆಮೇಲೆ ಎಷ್ಟು ದುಬಾರಿ ಪುಡಿ ತುಂಬಿದರೂ ಅರ್ಧ ಕೆಲಸ ಕೆಟ್ಟಂತೆಯೇ.

ಬಳಿಕ ಗುಂಡಿಯೊಳಗಿನ ಕೀವು, ಕೊಳೆತ ಅಂಗಾಂಶವನ್ನೆಲ್ಲ ಕೆರೆದು, ಸಲೈನ್‌ನಿಂದ ತೊಳೆದು, ಮೂಳೆಯ ಕಾಳು ತುಂಬಿ, ಮೇಲೆ ತೆಳು ಪೊರೆ ಅಥವಾ ಕೊಲಾಜೆನ್ ಬಿರಡೆ ಇಟ್ಟು ಹೊಲಿಗೆ ಹಾಕುತ್ತಾರೆ. ಒಸಡಿನ ಜೀವಕೋಶಗಳು ಮೂಳೆಯ ಕೋಶಗಳಿಗಿಂತ ವೇಗವಾಗಿ ಬೆಳೆಯುತ್ತವೆ. ಪೊರೆ ಇಲ್ಲದಿದ್ದರೆ ಮೂಳೆ ಬರಬೇಕಾದ ಜಾಗವನ್ನು ಒಸಡೇ ಹಿಡಿದುಬಿಡುತ್ತದೆ. ಕೀವು ತುಂಬಿ ಊತ ಜೋರಾಗಿರುವಾಗ ಗ್ರಾಫ್ಟ್ ಹಾಕಿದರೆ ಅದು ಸೋಂಕಾಗಿ ಹೊರಬರುವ ಸಂಭವ ಹೆಚ್ಚು, ಆಗ ಕೆಲವರು ಸೋಂಕು ಇಳಿಸಿ ಕೆಲವು ವಾರ ಬಿಟ್ಟು ತುಂಬುತ್ತಾರೆ. ಅದು ವಿಳಂಬವಲ್ಲ, ವಿವೇಕ.

ತುಂಬುವ ಮೂಳೆಯ ಮೂಲ ಯಾವುದು ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ. ನಿಮ್ಮದೇ ದವಡೆಯಿಂದ ಕೆರೆದದ್ದಿರಬಹುದು. ದಾನಿಯ ಮೂಳೆಯನ್ನು ಸಂಸ್ಕರಿಸಿದ್ದಿರಬಹುದು (ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್ ಇಂಥದ್ದನ್ನು ತಯಾರಿಸುತ್ತದೆ). ದನದ ಮೂಳೆಯಿಂದ ಮಾಡಿದ್ದಿರಬಹುದು. ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್‌ನಂಥ ಕೃತಕ ಪುಡಿ ಇರಬಹುದು. ಕೊಲಾಜೆನ್ ಪೊರೆಗಳು ಸಾಮಾನ್ಯವಾಗಿ ದನ ಅಥವಾ ಹಂದಿಯ ಅಂಗಾಂಶದವು. ಆಹಾರದ, ಧರ್ಮದ ಕಾರಣಕ್ಕೆ ಬೇಡ ಎನ್ನುವವರು ಮೊದಲೇ ಹೇಳಿದರೆ ಕೃತಕ ಪುಡಿಯ ದಾರಿ ಇದ್ದೇ ಇದೆ. ಬಾಯಿಯಲ್ಲಿ ಹೊಲಿಗೆ ಹಾಕಿಯಾದ ಮೇಲೆ ಗೊತ್ತಾಗಿ ಮನಸ್ಸು ನೋಯುವುದು ಬೇಡ. ಪಿಆರ್‌ಎಫ್ ಎಂಬುದು ಇನ್ನೊಂದು: ನಿಮ್ಮ ತೋಳಿನಿಂದ ಸುಮಾರು 10 ಮಿ.ಲೀ. ರಕ್ತ ತೆಗೆದು, ಏನೂ ಬೆರೆಸದೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಸಿಗುವ ಹಳದಿ ಜೆಲ್ಲಿಯನ್ನು ಗುಂಡಿಗೆ ಇಡುತ್ತಾರೆ. ಒಸಡು ಬೇಗ ಮಾಯಲು, ನೋವು ಕಡಿಮೆಯಾಗಲು ಅದು ಒಳ್ಳೆಯದು. ಮೂಳೆಯ ಅಗಲ ಕಾಯುವುದರಲ್ಲಿ ಅದೊಂದನ್ನೇ ನೆಚ್ಚಬಾರದು.

ಫಲವೆಷ್ಟು? ಗ್ರಾಫ್ಟ್ ಹಾಕಿದರೂ ಸ್ವಲ್ಪ ಮೂಳೆ ಹೋಗೇ ಹೋಗುತ್ತದೆ. ಹಾಕದ ಜಾಗಕ್ಕೆ ಹೋಲಿಸಿದರೆ ಅಗಲದಲ್ಲಿ ಸರಾಸರಿ 2 ಮಿ.ಮೀ.ನಷ್ಟು ಉಳಿಯುತ್ತದೆ. ಕೇಳಲು ಚಿಕ್ಕದು. 4 ಮಿ.ಮೀ. ದಪ್ಪದ ಇಂಪ್ಲಾಂಟ್‌ಗೆ ಎರಡೂ ಬದಿ ಮೂಳೆ ಸೇರಿ 6ರಿಂದ 7 ಮಿ.ಮೀ. ಅಗಲ ಬೇಕಿರುವಾಗ ಆ 2 ಮಿ.ಮೀ. ನಿರ್ಣಾಯಕ. ಕಿತ್ತ ದಿನವೇ ಇಂಪ್ಲಾಂಟ್ ಹಾಕಿಬಿಟ್ಟರೆ ಮೂಳೆ ಕರಗುವುದಿಲ್ಲ ಎಂಬ ಮಾತೂ ಓಡಾಡುತ್ತಿದೆ. ನಿಜವಲ್ಲ, ಹೊರಗೋಡೆ ಆಗಲೂ ಕರಗುತ್ತದೆ, ಅದಕ್ಕೇ ಗೋಡೆಗೂ ಇಂಪ್ಲಾಂಟ್‌ಗೂ ನಡುವಿನ ಸಂದಿಗೆ ಮೂಳೆ ಪುಡಿ ತುಂಬುವುದು. ಖಾಸಗಿ ಕ್ಲಿನಿಕ್‌ನ ಖರ್ಚು ಹೊರೆಯಾದರೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಅಥವಾ ಹತ್ತಿರದ ಬೇರೆ ಯಾವುದಾದರೂ ದಂತ ಕಾಲೇಜಿನ ಒಸಡು ವಿಭಾಗ, ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ವಿಚಾರಿಸಿ.

ಮೊದಲ 24 ಗಂಟೆ: ಹೆಪ್ಪನ್ನು ಕಾಯಿರಿ

ಗ್ರಾಫ್ಟ್ ಇರಲಿ ಬಿಡಲಿ, ಗುಂಡಿ ತುಂಬ ನಿಲ್ಲುವ ರಕ್ತದ ಹೆಪ್ಪೇ ಮುಂದಿನ ಮೂಳೆಗೆ ತಳಪಾಯ. ವಾರದೊಳಗೆ ಅದರಲ್ಲಿ ಹೊಸ ರಕ್ತನಾಳಗಳು ಹರಡುತ್ತವೆ, ಕೆಲವು ವಾರಗಳಲ್ಲಿ ಎಳೆ ಮೂಳೆ ಕಟ್ಟತೊಡಗುತ್ತದೆ. ಹೆಪ್ಪು ಜಾರಿಹೋದರೆ ಒಳಗಿನ ಮೂಳೆ ಬರಿದಾಗಿ ತೆರೆದುಕೊಳ್ಳುತ್ತದೆ.

ಕಚ್ಚಲು ಕೊಟ್ಟ ಗಾಜ್ ಅಥವಾ ಹತ್ತಿಯನ್ನು 30ರಿಂದ 45 ನಿಮಿಷ ಬಿಗಿಯಾಗಿ ಕಚ್ಚಿ. ಐದೈದು ನಿಮಿಷಕ್ಕೆ ತೆಗೆದು ನೋಡುವುದೇ ರಕ್ತ ನಿಲ್ಲದಿರಲು ಮುಖ್ಯ ಕಾರಣ. ಪ್ರತಿ ಸಲವೂ ಎಳೆ ಹೆಪ್ಪು ಹತ್ತಿಗೆ ಅಂಟಿ ಬರುತ್ತದೆ. ಆಮೇಲೂ ಜಿನುಗಿದರೆ ಶುದ್ಧ ಗಾಜ್ ತುಂಡನ್ನು ಒದ್ದೆ ಮಾಡಿ, ಹಿಂಡಿ, ಗುಂಡಿಯ ಮೇಲೇ ಕೂರುವಂತೆ ದಪ್ಪಗೆ ಮಡಚಿ ಮತ್ತೆ ಅರ್ಧ ಗಂಟೆ ಕಚ್ಚಿ. ಬರಿಯ ಹಲ್ಲುಗಳ ನಡುವೆ ಸಿಕ್ಕಿಕೊಂಡ ಹತ್ತಿ ಗಾಯವನ್ನು ಒತ್ತುವುದಿಲ್ಲ. ಎಂಜಲು ತಿಳಿ ಕೆಂಪಾಗಿ ಒಂದು ದಿನ ಇರುವುದು ಸಹಜ, ರಾತ್ರಿ ದಿಂಬಿಗೆ ಹಳೆಯ ಟವೆಲ್ ಹಾಸಿ, ತಲೆ ತುಸು ಎತ್ತರಿಸಿ ಮಲಗಿ.

ಉಗುಳಬೇಡಿ. ನಮ್ಮಲ್ಲಿ ಬಾಯಲ್ಲಿ ರಕ್ತದ ರುಚಿ ಬಂದೊಡನೆ ಉಗುಳುವುದು ಅಭ್ಯಾಸ. ಉಗುಳುವಾಗ ಬಾಯೊಳಗೆ ಆಗುವ ಸೆಳೆತಕ್ಕೆ ಹೆಪ್ಪು ಕಿತ್ತುಬರುತ್ತದೆ. ಎಂಜಲನ್ನು ನುಂಗಿ, ಇಲ್ಲವೇ ಬಾಯಿ ತೆರೆದು ತಾನಾಗಿ ಬೀಳಲು ಬಿಡಿ. ಸ್ಟ್ರಾ ಹಾಕಿ ಹೀರುವುದೂ ಅದೇ ಕಾರಣಕ್ಕೆ ಬೇಡ. ಎಳನೀರು ಒಳ್ಳೆಯದೇ, ಲೋಟಕ್ಕೆ ಬಗ್ಗಿಸಿ ಕುಡಿಯಿರಿ. ಮೊದಲ 24 ಗಂಟೆ ಬಾಯಿ ಮುಕ್ಕಳಿಸುವಂತಿಲ್ಲ, ಉಪ್ಪುನೀರಿನಲ್ಲೂ ಇಲ್ಲ.

ಕೆನ್ನೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸನ್ನು 10-15 ನಿಮಿಷ ಇಡಿ, ಅಷ್ಟೇ ಹೊತ್ತು ತೆಗೆಯಿರಿ. ಮೊದಲ ದಿನವಷ್ಟೇ ಇದಕ್ಕೆ ಬೆಲೆ. ಊತ ಎರಡು ಮೂರನೇ ದಿನಕ್ಕೆ ಏರಿ ಆಮೇಲೆ ಇಳಿಯುತ್ತದೆ. ಎರಡನೇ ದಿನ ಮುಖ ಹೆಚ್ಚು ಊದಿತೆಂದು ಗಾಬರಿ ಬೇಡ.

ನೋವಿನ ಮಾತ್ರೆಯನ್ನು ಜೋಮು ಬಿಡುವ ಮುಂಚೆಯೇ ನುಂಗಿ. ಸಾಮಾನ್ಯ ಆರೋಗ್ಯದ ವಯಸ್ಕರಿಗೆ ಐಬುಪ್ರೊಫೆನ್ 400 ಮಿ.ಗ್ರಾಂ. ಮತ್ತು ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಜೊತೆಯಾಗಿ, ಏನಾದರೂ ತಿಂದ ಮೇಲೆ, 6ರಿಂದ 8 ಗಂಟೆಗೊಮ್ಮೆ ಚೆನ್ನಾಗಿ ಕೆಲಸ ಮಾಡುತ್ತವೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ನೋವಿನ ಮಾತ್ರೆಗೆ ಕೆರಳುವ ಅಸ್ತಮಾ ಇದ್ದವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆಯವರು ಐಬುಪ್ರೊಫೆನ್ ಮುಟ್ಟದೆ ಡಾಕ್ಟರನ್ನು ಕೇಳಬೇಕು. ಮಳೆಗಾಲದಲ್ಲಿ ಜ್ವರ ಇದ್ದು ಡೆಂಗಿ ಶಂಕೆ ಇದ್ದರೂ ಅದು ಬೇಡ. ಅಂಗಡಿಯಲ್ಲಿ ಸಿಗುವ ಹಲವು ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಆಗಲೇ ಸೇರಿರುತ್ತದೆ, ಪಟ್ಟಿಯ ಹಿಂದೆ ಓದಿ ಒಟ್ಟು ಲೆಕ್ಕ ಹಾಕಿ. ದಿನಕ್ಕೆ 3 ಗ್ರಾಂ ಒಳಗೆ ಇದ್ದರೆ ಕ್ಷೇಮ. ಆಂಟಿಬಯೋಟಿಕ್ ಪ್ರತಿ ಕೀಳುವಿಕೆಗೂ ಬೇಕಿಲ್ಲ. ಬರೆದುಕೊಟ್ಟರೆ ಮಾತ್ರ, ಬರೆದಷ್ಟು ದಿನ.

ಎರಡನೇ ದಿನದಿಂದ

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಹಾ ಚಮಚ ಉಪ್ಪು. ಬಾಯಿಗೆ ತುಂಬಿಕೊಂಡು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಬಾಯಿ ತೆರೆದು ಸಿಂಕಿಗೆ ಬೀಳಿಸಿ. ಊಟ ತಿಂಡಿಯಾದ ಮೇಲೆಲ್ಲ, ದಿನಕ್ಕೆ ನಾಲ್ಕೈದು ಸಲ, ಒಂದು ವಾರ. ಗಳಗಳ ಮುಕ್ಕಳಿಸುವುದು ಬೇಡ. ಕ್ಲೋರ್‌ಹೆಕ್ಸಿಡಿನ್ 0.2% ಎಂಬ ಬಾಯಿ ತೊಳೆಯುವ ದ್ರಾವಣ ಬರೆದುಕೊಟ್ಟಿದ್ದರೆ 10 ಮಿ.ಲೀ., ದಿನಕ್ಕೆರಡು ಸಲ, ಹಲ್ಲುಜ್ಜಿದ ಅರ್ಧ ಗಂಟೆ ಬಿಟ್ಟು; ಪೇಸ್ಟಿನ ನೊರೆ ಅದರ ಶಕ್ತಿ ಕುಂದಿಸುತ್ತದೆ. ಎರಡು ವಾರಕ್ಕಿಂತ ಹೆಚ್ಚು ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಿ, ಗಾಯದ ಪಕ್ಕದಲ್ಲಿ ಮೃದು ಬ್ರಷ್‌ನಿಂದ ಹಗುರವಾಗಿ.

ಮೂರನೇ ದಿನದ ಹೊತ್ತಿಗೆ ಗುಂಡಿಯ ಮೇಲೆ ಬಿಳಿ ಹಳದಿ ಪೊರೆ ಕಾಣುತ್ತದೆ. ಕೀವೆಂದು ತಿಳಿದು ಇಯರ್‌ಬಡ್‌ನಿಂದ, ಕಡ್ಡಿಯಿಂದ ಕೆರೆಯುವವರಿದ್ದಾರೆ. ಅದು ಮಾಯುವ ಪೊರೆ, ಮುಟ್ಟಬೇಡಿ. ಗ್ರಾಫ್ಟ್ ಹಾಕಿದವರ ಬಾಯಲ್ಲಿ ಮೊದಲ ಕೆಲವು ದಿನ ಮರಳಿನಂಥ ಒಂದೆರಡು ಕಾಳು ಸಿಕ್ಕರೆ ಚಿಂತಿಸಬೇಕಿಲ್ಲ. ಕಾಳು ಸತತವಾಗಿ ಬರುತ್ತಿದ್ದರೆ, ಪೊರೆಯೇ ಕಳಚಿಬಂದರೆ ಅಂದೇ ತೋರಿಸಿ. ಹೊಲಿಗೆಯನ್ನು 7ರಿಂದ 14 ದಿನಕ್ಕೆ ತೆಗೆಯುತ್ತಾರೆ. ಕರಗದ ಪೊರೆ ಇಟ್ಟಿದ್ದರೆ ಅದನ್ನು ಮೂರು ನಾಲ್ಕು ವಾರಕ್ಕೆ.

ಮೇಲಿನ ದವಡೆ ಹಲ್ಲು ಕಿತ್ತ ಮೇಲೆ ಕುಡಿದ ನೀರು ಮೂಗಿನಲ್ಲಿ ಇಳಿದರೆ ಸೈನಸ್‌ಗೆ ದಾರಿ ತೆರೆದಿದೆ ಎಂದರ್ಥ. ಮೂಗು ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದೇ ಸೀನಿ, ಬೇಗ ಡಾಕ್ಟರಿಗೆ ಹೇಳಿ.

ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾ, ಎಲೆ ಅಡಿಕೆ: ಕನಿಷ್ಠ ಮೂರು ದಿನ ಪೂರ್ತಿ ಬಿಡಲೇಬೇಕು, ಗ್ರಾಫ್ಟ್ ಆಗಿದ್ದರೆ ಎರಡು ವಾರವಾದರೂ. ನಿಕೋಟಿನ್ ಗಾಯಕ್ಕೆ ಬರುವ ರಕ್ತವನ್ನು ಕಡಿಮೆ ಮಾಡುತ್ತದೆ. ಹೊಗೆಯನ್ನು ಸೆಳೆಯುವ ಎಳೆತ ಹೆಪ್ಪನ್ನು ಎಬ್ಬಿಸುತ್ತದೆ. ಅಡಿಕೆ ಚೂರು, ಸುಣ್ಣ ಹಸಿ ಗಾಯಕ್ಕೆ ನೇರ ಪೆಟ್ಟು. ಮೂಳೆಗೆಂದು ಸಾವಿರಾರು ರೂಪಾಯಿ ಕೊಟ್ಟು ಸಂಜೆಗೆ ಬಾಯಿಗೆ ಹೊಗೆಸೊಪ್ಪು ಇಟ್ಟರೆ ಆ ಹಣ ಹೋಯಿತು.

ತಿನ್ನುವುದು

ಮೊದಲ ದಿನ ತಣ್ಣಗಿನದು, ಮೆತ್ತಗಿನದು: ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ, ನುಣ್ಣಗೆ ಬೆಂದ ಗಂಜಿ, ಮೊಸರು, ಬಾಳೆಹಣ್ಣು, ಹಾಲಲ್ಲಿ ನೆನೆಸಿದ ಇಡ್ಲಿ. ಮೊಸರನ್ನ ಒಳ್ಳೆಯ ಆಯ್ಕೆ, ಒಗ್ಗರಣೆ ಮಾತ್ರ ಬೇಡ. ಸಾಸಿವೆ, ಎಳ್ಳು, ಗಸಗಸೆ, ಚಿರೋಟಿ ರವೆಯ ಕಾಳು ಗುಂಡಿಗೆ ಬಿದ್ದರೆ ತೆಗೆಯುವುದು ಕಷ್ಟ, ಕೊಳೆತು ವಾಸನೆ ಹುಟ್ಟಿಸುತ್ತದೆ. ಮುದ್ದೆ ತಿನ್ನುವವರು ಆರಿದ ಮೆತ್ತನೆ ಮುದ್ದೆಯನ್ನು ಖಾರವಿಲ್ಲದ ಬೇಳೆಕಟ್ಟಿನಲ್ಲಿ ಎರಡನೇ ದಿನದಿಂದ ನುಂಗಬಹುದು. ಬಿಸಿ ಕಾಫಿ ಜೋಮು ಬಿಡುವ ತನಕ ಬೇಡವೇ ಬೇಡ. ತುಟಿ ಸುಟ್ಟದ್ದೂ ತಿಳಿಯುವುದಿಲ್ಲ. ಮಕ್ಕಳು ಜೋಮಿನಲ್ಲಿ ತುಟಿ ಕಚ್ಚಿ ಗಾಯ ಮಾಡಿಕೊಳ್ಳದಂತೆ ಕಣ್ಣಿಡಿ.

ಗಾಯ ಮಾಯಲು ಮುಖ್ಯವಾಗಿ ಬೇಕಾದದ್ದು ಪ್ರೋಟೀನ್. ಬರಿಯ ಗಂಜಿ ಕುಡಿದು ವಾರ ಕಳೆಯುವವರು ಅದನ್ನೇ ಕಳೆದುಕೊಳ್ಳುತ್ತಾರೆ. ಬೇಳೆಕಟ್ಟು, ಹೆಸರುಬೇಳೆ ಪಾಯಸ, ಮೊಟ್ಟೆ, ಪನೀರ್, ಮುಳ್ಳು ತೆಗೆದ ಬೇಯಿಸಿದ ಮೀನು ಸೇರಿಸಿ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ, ಸಿ ಜೀವಸತ್ವಕ್ಕೆ ಸೀಬೆ, ಕಿತ್ತಳೆ ಇವೆ, ಸೀಬೆಯ ರಸವನ್ನು ಬೀಜ ಸೋಸಿಯೇ ಕುಡಿಯಬೇಕು. ಡಿ ಜೀವಸತ್ವದ ಕೊರತೆ ರಕ್ತ ಪರೀಕ್ಷೆಯಲ್ಲಿ ಕಂಡಿದ್ದರೆ ಅದನ್ನು ಸರಿಪಡಿಸಿಕೊಳ್ಳಿ.

ಡ್ರೈ ಸಾಕೆಟ್

ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಮೂರು ನಾಲ್ಕನೇ ದಿನ ಇದ್ದಕ್ಕಿದ್ದಂತೆ ಏರಿ, ಕಿವಿಯವರೆಗೆ ಸಿಡಿದು, ಮಾತ್ರೆಗೆ ಬಗ್ಗದೆ, ಬಾಯಿ ವಾಸನೆ ಹೊಡೆದರೆ ಅದು ಹೆಪ್ಪು ಹೋದ ಗುಂಡಿ. ಸಾಮಾನ್ಯ ಕೀಳುವಿಕೆಯಲ್ಲಿ ನೂರಕ್ಕೆ ಐವರೊಳಗೆ ಕಾಣುತ್ತದೆ, ಕೆಳಗಿನ ಬುದ್ಧಿ ಹಲ್ಲಿನಲ್ಲಿ ಹೆಚ್ಚು. ಧೂಮಪಾನಿಗಳಿಗೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ, ಕಷ್ಟಪಟ್ಟು ಕಿತ್ತ ಹಲ್ಲಿಗೆ ಸಂಭವ ಜಾಸ್ತಿ. ಇದು ಸಾಮಾನ್ಯವಾಗಿ ಆಂಟಿಬಯೋಟಿಕ್‌ನಿಂದ ಹೋಗುವಂಥದ್ದಲ್ಲ. ಡಾಕ್ಟರು ಗುಂಡಿ ತೊಳೆದು ಯುಜಿನಾಲ್ (ಲವಂಗದೆಣ್ಣೆಯ ಮುಖ್ಯ ಅಂಶ) ಇರುವ ಔಷಧಿ ಪಟ್ಟಿ ಇಟ್ಟರೆ ಗಂಟೆಯೊಳಗೆ ನೋವು ಇಳಿಯುವುದುಂಟು. ಮನೆಯಲ್ಲಿ ಲವಂಗದ ಎಣ್ಣೆಯನ್ನು ನೇರವಾಗಿ ಗುಂಡಿಗೆ ಸುರಿಯಬೇಡಿ, ಅಂಗಾಂಶ ಸುಡುತ್ತದೆ. ಅರಿಶಿನ, ಕರ್ಪೂರ, ತಂಬಾಕಿನ ಪುಡಿ ಒತ್ತುವುದಂತೂ ಸೋಂಕಿಗೆ ಕರೆ ಕೊಟ್ಟಂತೆ.

ಇವಕ್ಕೆ ಕಾಯಬೇಡಿ: ಒತ್ತಿ ಒಂದೆರಡು ಗಂಟೆಯಾದರೂ ರಕ್ತ ತುಂಬಿ ಬರುವುದು, ಮೂರನೇ ದಿನದ ನಂತರ ಹೆಚ್ಚುವ ಊತ, ಜ್ವರ, ಕೀವು, ಮರುದಿನವೂ ಬಿಡದ ಜೋಮು. ನಾಲಿಗೆ ಮೇಲೆದ್ದು, ಗದ್ದದ ಕೆಳಗೆ ಗಟ್ಟಿಯಾಗಿ ಊದಿ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಹಲ್ಲಿನ ಕ್ಲಿನಿಕ್‌ಗಲ್ಲ, ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿ ತಡವಾದರೆ ಉಸಿರುದಾರಿ ಮುಚ್ಚಿಹೋಗುತ್ತದೆ.

ತಿಂಗಳುಗಳ ಲೆಕ್ಕ

ಒಸಡು ಮುಚ್ಚಲು ಮೂರರಿಂದ ಆರು ವಾರ. ಆ ಹೊತ್ತಿಗೆ ಒಸಡಿನಿಂದ ಚೂಪಾದ ಮೂಳೆ ಚೂರು ತಲೆಹಾಕಿದರೆ ಹೆಚ್ಚಿನ ಸಲ ತಾನೇ ಬೀಳುತ್ತದೆ, ಚುಚ್ಚುತ್ತಿದ್ದರೆ ಡಾಕ್ಟರು ನಿಮಿಷದಲ್ಲಿ ತೆಗೆಯುತ್ತಾರೆ. ಮೂಳೆ ಸವೆತದ ಔಷಧಿ ತೆಗೆದುಕೊಳ್ಳುವವರು ಮಾತ್ರ ಮೂಳೆ ಕಂಡ ಕೂಡಲೇ ತೋರಿಸಬೇಕು. ಗುಂಡಿಯೊಳಗೆ ಮೂಳೆ ತುಂಬಲು ಮೂರು ನಾಲ್ಕು ತಿಂಗಳು. ಗ್ರಾಫ್ಟ್ ಹಾಕಿದ ಜಾಗಕ್ಕೆ ಇಂಪ್ಲಾಂಟ್ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಿಗೆ; ಅದಕ್ಕೂ ಮುಂಚೆ ಸಿಬಿಸಿಟಿ ಎಂಬ ಮೂರು ಆಯಾಮದ ಎಕ್ಸ್-ರೇ ಸ್ಕ್ಯಾನ್‌ನಲ್ಲಿ ಅಗಲ ಎತ್ತರ ಅಳೆಯುತ್ತಾರೆ. "ಇನ್ನೊಂದು ವರ್ಷ ಬಿಟ್ಟು" ಎಂದು ಮುಂದೂಡಿದರೆ ಉಳಿಸಿದ ಮೂಳೆಯೂ ನಿಧಾನ ಸವೆಯುತ್ತದೆ, ಪಕ್ಕದ ಹಲ್ಲು ವಾಲುತ್ತದೆ, ಎದುರಿನ ಹಲ್ಲು ಖಾಲಿ ಜಾಗಕ್ಕೆ ಇಳಿಯುತ್ತದೆ.

ಬ್ರಿಡ್ಜ್ ಹಾಕಿಸುವವರು ಒಸಡಿನ ಆಕಾರ ನಿಲ್ಲುವ ತನಕ, ಎರಡು ಮೂರು ತಿಂಗಳು, ತಾತ್ಕಾಲಿಕ ಹಲ್ಲಿನಲ್ಲಿ ಕಾಯುವುದು ಒಳ್ಳೆಯದು. ಅವಸರಿಸಿದರೆ ಆಮೇಲೆ ಬ್ರಿಡ್ಜ್‌ನ ಕೆಳಗೆ ಸಂದಿ ಬಿದ್ದು ಅನ್ನದ ಅಗುಳು ಸೇರುತ್ತದೆ. ಕಿತ್ತ ದಿನವೇ ಹಲ್ಲಿನ ಸೆಟ್ ಹಾಕಿಸಿಕೊಂಡವರು ಮೊದಲ 24 ಗಂಟೆ ಅದನ್ನು ತೆಗೆಯಬಾರದು, ಊದಿದ ಒಸಡಿಗೆ ಮತ್ತೆ ಕೂರುವುದಿಲ್ಲ. ಮರುದಿನ ಡಾಕ್ಟರೇ ತೆಗೆದು ನೋಡುತ್ತಾರೆ. ಆ ಬಳಿಕ ರಾತ್ರಿ ತೆಗೆದು ನೀರಿನಲ್ಲಿಡುವುದು ಯಾವಾಗಿನಿಂದ ಎಂದು ಕೇಳಿಕೊಳ್ಳಿ. ಕೆಲವು ತಿಂಗಳಲ್ಲಿ ಮೂಳೆ ಇಳಿದು ಸೆಟ್ ಸಡಿಲವಾಗುತ್ತದೆ. ಅಂಟು ಹಚ್ಚಿಕೊಂಡು ವರ್ಷಗಟ್ಟಲೆ ಅದನ್ನೇ ನಡೆಸಬೇಡಿ. ಅಲ್ಲಾಡುವ ಸೆಟ್ ಮೂಳೆಯನ್ನು ಇನ್ನಷ್ಟು ತಿನ್ನುತ್ತದೆ. ಒಳಪದರ ಮರುತುಂಬುವ ರೀಲೈನಿಂಗ್ ಮಾಡಿಸಿದರೆ ಅದೇ ಸೆಟ್ ಮತ್ತೆ ಬಿಗಿಯಾಗಿ ಕೂರುತ್ತದೆ.